ದ್ವೀಪದಲ್ಲಿ ಎಷ್ಟು ಬಗೆಯ ಜೀವಿಗಳು?

ಮಕ್ಕಳೇ, ಇಂದು ಪುಸ್ತಕ ಮುಚ್ಚಿಟ್ಟು ಮೈದಾನಕ್ಕೆ ಬನ್ನಿ. ಹುಣಸೆ, ಅವರೆ, ಕಡಲೆ, ತೊಗರಿ, ಹೀಗೆ ಐದಾರು ಬಗೆಯ ಬೀಜಗಳನ್ನು ಹಿಡಿ ಹಿಡಿ ತನ್ನಿ. ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಅದು ದಡ. ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ದೊಡ್ಡ, ಒಂದು ಚಿಕ್ಕ ವೃತ್ತ ಬರೆಯಿರಿ. ಹತ್ತು ಹೆಜ್ಜೆ ದೂರದಲ್ಲಿ ಅಂಥವೇ ಇನ್ನೆರಡು. ಇವು ನಾಲ್ಕು ದ್ವೀಪಗಳು. ಬೀಜದ ಒಂದೊಂದು ಬಗೆಯೂ ಒಂದೊಂದು ಪ್ರಭೇದ. ಈಗ ದಡದಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು ಬೀಜಗಳನ್ನು ಎರಚಿ.

ಯಾವ ದ್ವೀಪದಲ್ಲಿ ಎಷ್ಟು ಬಗೆ ಬಿದ್ದಿವೆ, ಎಣಿಸಿ. ಹತ್ತಿರದ ದೊಡ್ಡ ವೃತ್ತದಲ್ಲಿ ಹೆಚ್ಚು, ದೂರದ ಚಿಕ್ಕ ವೃತ್ತದಲ್ಲಿ ಕಡಿಮೆ ಸಿಗಬೇಕು. (ಜೋರಾಗಿ ಎಸೆಯುವವರಿದ್ದರೆ ಲೆಕ್ಕ ಏರುಪೇರಾಗುತ್ತದೆ. ನಾಲ್ಕಾರು ಸಲ ಆಡಿ ನೋಡಿ.)

ಒಂದು ಶಾಲೆಯಲ್ಲಿ ಈ ಆಟ ಆಡಿಸಿದಾಗ ಐದನೇ ತರಗತಿಯ ಹುಡುಗಿಯೊಬ್ಬಳು, "ಸರ್, ಬಂದವೆಲ್ಲ ಬದುಕ್ತಾವಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ! ವೃತ್ತದೊಳಗಿನ ಪ್ರತಿ ಬೀಜಕ್ಕೂ ಒಮ್ಮೆ ನಾಣ್ಯ ಚಿಮ್ಮಿ. ಸಿಂಹದ ಮುಖ ಬಿದ್ದರೆ ಆ ಬೀಜ ತೆಗೆದುಬಿಡಿ. ಒಂದೇ ಒಂದು ಕಡಲೆ ಇದ್ದರೆ ಆ ಪ್ರಭೇದವೇ ಅಳಿಯುವ ಸಂಭವ ಎರಡರಲ್ಲಿ ಒಂದು. ಹತ್ತು ಕಡಲೆ ಇದ್ದರೆ ಹತ್ತೂ ಹೋಗುವ ಸಂಭವ 1024ರಲ್ಲಿ ಒಂದು ಮಾತ್ರ! ಚಿಕ್ಕ ಜಾಗದಲ್ಲಿ ಪ್ರತಿ ಪ್ರಭೇದದ ಸಂಖ್ಯೆಯೂ ಚಿಕ್ಕದು. ಒಂದು ಬಿರುಗಾಳಿ, ಒಂದು ರೋಗ ಸಾಕು, ಎಲ್ಲವೂ ಮುಗಿಯುತ್ತದೆ.

ಹೊಸಬರ ಆಗಮನ, ಇದ್ದವರ ಅಳಿವು ಎರಡೂ ಸಮವಾದಾಗ ಪ್ರಭೇದಗಳ ಸಂಖ್ಯೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಇದು ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1967ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಸಿದ್ಧಾಂತ. ಇದನ್ನು ಪರೀಕ್ಷಿಸುವುದು ಹೇಗೆ? ಇರುವೆಗಳ ತಜ್ಞರಾದ ವಿಲ್ಸನ್ ಮತ್ತು ಅವರ ವಿದ್ಯಾರ್ಥಿ ಸಿಂಬರ್ಲಾಫ್ ಫ್ಲಾರಿಡಾದ ಕಡಲತೀರಕ್ಕೆ ಹೋದರು. ಅಲ್ಲಿ ಕಾಂಡ್ಲಾ ಗಿಡಗಳದ್ದೇ ಪುಟ್ಟ ಪುಟ್ಟ ನಡುಗಡ್ಡೆಗಳಿವೆ. ಕೆಲವು ನಮ್ಮ ತರಗತಿ ಕೋಣೆಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಅಂಥ ಆರನ್ನು ಆರಿಸಿ, ಇದ್ದ ಕೀಟ, ಜೇಡಗಳನ್ನೆಲ್ಲ ಪಟ್ಟಿ ಮಾಡಿ, ಇಡೀ ನಡುಗಡ್ಡೆಗೆ ಟೆಂಟ್ ಹೊದಿಸಿ ವಿಷಾನಿಲ ಬಿಟ್ಟರು. ಕೀಟಗಳು ಸತ್ತವು, ಗಿಡಗಳು ಉಳಿದವು. ಬಳಿಕ ಕಾದು ಕುಳಿತರು.

ನೂಲಿನ ಎಳೆ ಹಿಡಿದು ಗಾಳಿಯಲ್ಲಿ ತೇಲುತ್ತ ಜೇಡಗಳು ಬಂದವು. ರೆಕ್ಕೆಯ ರಾಣಿ ಇರುವೆಗಳು ಬಂದಿಳಿದವು. ಸುಮಾರು 250 ದಿನಗಳಲ್ಲಿ ಪ್ರಭೇದಗಳ ಸಂಖ್ಯೆ ಹೆಚ್ಚುಕಡಿಮೆ ಮೊದಲಿನಷ್ಟಾಯಿತು. ಆದರೆ ಹಳೆಯ ಪಟ್ಟಿಯ ಕೆಲವು ಹೆಸರುಗಳ ಜಾಗದಲ್ಲಿ ಹೊಸ ಹೆಸರುಗಳಿದ್ದವು. ಅತಿ ದೂರದ ನಡುಗಡ್ಡೆ ಮಾತ್ರ ಹಿಂದೆ ಬಿದ್ದಿತ್ತು. ಅಲ್ಲಿ ಮೊದಲೂ ಕಡಿಮೆ ಪ್ರಭೇದಗಳೇ ಇದ್ದವು.

ಮುಂದೆ ಸಿಂಬರ್ಲಾಫ್ ಇನ್ನೊಂದು ಪ್ರಯೋಗ ಮಾಡಿದರು. ಗರಗಸದಿಂದ ಕೆಲವು ನಡುಗಡ್ಡೆಗಳ ಅಂಚನ್ನು ಕಡಿದು ಕಿರಿದುಮಾಡಿದರು. ಗಿಡ ಅದೇ, ನೀರೂ ಅದೇ, ಜಾಗ ಮಾತ್ರ ಕಡಿಮೆ. ಪ್ರಭೇದಗಳು ಕಡಿಮೆಯಾದವು. ಈ ವರದಿ 1976ರಲ್ಲಿ ಪ್ರಕಟವಾಯಿತು.

ದ್ವೀಪವಾಗಲು ಸಮುದ್ರವೇ ಬೇಕೆಂದಿಲ್ಲ. ಕಾಡಿನ ನಡುವೆ ರಸ್ತೆ, ಗದ್ದೆ, ಕಟ್ಟಡಗಳು ಬಂದಾಗ ಉಳಿದ ತುಂಡುಗಳೂ ದ್ವೀಪಗಳೇ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಹಲವು ತೀರ ಚಿಕ್ಕವು. ಹಾಗಿದ್ದೂ ಅವುಗಳಲ್ಲಿ ಬಗೆಬಗೆಯ ಮರಗಳು, ಹಕ್ಕಿಗಳು ಏಕೆ ಉಳಿದಿವೆ? ನನಗೆ ಕಾಣುವಂತೆ ಮುಖ್ಯ ಕಾರಣ ಸುತ್ತಲಿನ "ಸಮುದ್ರ". ಅದು ಬೋಳುನೆಲವಲ್ಲ, ಮರಗಳ ನೆರಳಿನ ಕಾಫಿ ತೋಟ. ಹಣ್ಣು ತಿನ್ನುವ ಹಕ್ಕಿ ಮರದಿಂದ ಮರಕ್ಕೆ ಹಾರುತ್ತ ಇನ್ನೊಂದು ದೇವರಕಾಡು ಸೇರಿ, ಅಲ್ಲಿ ಬೀಜ ಉದುರಿಸಬಲ್ಲದು. ತೋಟದ ಅತ್ತಿ, ಹಲಸು ಕಡಿದು ಸಿಲ್ವರ್ ಓಕ್ ಒಂದನ್ನೇ ನೆಟ್ಟರೆ ಆ ಹಕ್ಕಿಗೆ ದಾರಿಯಲ್ಲಿ ತಿನ್ನಲು ಏನು ಸಿಕ್ಕೀತು?

ನಿಮ್ಮೂರಲ್ಲೂ ಬನವೋ ಗುಂಡುತೋಪೋ ಇರಬಹುದು. ಅದರ ಉದ್ದ, ಅಗಲಗಳನ್ನು ಹೆಜ್ಜೆಯಿಂದ ಅಳೆಯಿರಿ. ಅಲ್ಲಿಂದ ಹತ್ತಿರದ ಇನ್ನೊಂದು ತೋಪು ಎಷ್ಟು ದೂರ, ನಡುವೆ ಏನಿದೆ, ಬರೆದುಕೊಳ್ಳಿ. ಅರ್ಧ ಗಂಟೆ ಸದ್ದಿಲ್ಲದೆ ಕುಳಿತು, ಕಂಡ ಹಕ್ಕಿಗಳ ಬಗೆಗಳನ್ನು ಎಣಿಸಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಹೋಗಿ, ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.