ಎರಡನೆಯ ಡೋಸು ಎಲ್ಲಿ ತಪ್ಪಿತು?



ಮಕ್ಕಳ ಲಸಿಕೆಯ ಪ್ರಮಾಣ ಒಮ್ಮೆ ಏರಿದರೆ ಇಳಿಯದು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 1998-99ರಲ್ಲಿ ಕರ್ನಾಟಕದ ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ನೂರಕ್ಕೆ 60 ಮಂದಿಗೆ ಎಲ್ಲಾ ಮೂಲ ಲಸಿಕೆಗಳು ಸಿಕ್ಕಿದ್ದವು. 2005-06ರಲ್ಲಿ ಅದು 55ಕ್ಕೆ ಇಳಿಯಿತು. ಹತ್ತು ವರ್ಷದ ನಂತರ 62.6, 2019-21ರಲ್ಲಿ 84.1.

84 ಒಳ್ಳೆಯ ಅಂಕವೇ, ಶಾಲೆಯ ಪರೀಕ್ಷೆಯಾದರೆ! ಆದರೆ ಆ ಲೆಕ್ಕದಲ್ಲಿ ದಡಾರದ ಮೊದಲ ಡೋಸು ಮಾತ್ರ ಸೇರಿದೆ. ದಡಾರದ ವೈರಸ್ ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿರಬಲ್ಲದು. ಅದನ್ನು ತಡೆಯಲು ನೂರಕ್ಕೆ 95 ಮಂದಿಗೆ ಎರಡೂ ಡೋಸು ಬೇಕು. ಒಂಬತ್ತು ತಿಂಗಳು ತುಂಬದ ಕೂಸಿಗೂ ಕ್ಯಾನ್ಸರಿಗೆ ಔಷಧಿ ಪಡೆಯುತ್ತಿರುವ ಮಗುವಿಗೂ ಈ ಲಸಿಕೆ ಹಾಕುವುದಿಲ್ಲ. ಸುತ್ತಲಿನ ಮಕ್ಕಳೇ ಅವರಿಗೆ ಬೇಲಿ.

ಲಸಿಕೆ ತಪ್ಪಲು ಹಟವೇ ಕಾರಣವಾಗಬೇಕಿಲ್ಲ. ಕೆ.ಆರ್. ನಗರದಲ್ಲಿ ನಾಟಿಯ ದಿನ, ಹುಣಸೂರಿನಲ್ಲಿ ಹೊಗೆಸೊಪ್ಪು ಬೇಯಿಸುವ ದಿನ ಕೂಲಿ ಬಿಟ್ಟು ಬರುವುದು ಕಷ್ಟ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಹಾಡಿಗಳಿಂದ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವ ಕುಟುಂಬಗಳಿವೆ. ಮಗು ಜೊತೆಯಲ್ಲಿ ಹೋಗುತ್ತದೆ, ತಾಯಿ ಕಾರ್ಡು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕೊಡಗಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಅದೇ ಲಸಿಕೆ, ಅದೂ ಉಚಿತ. ತಡವಾಯಿತೆಂದು ಮೊದಲಿನಿಂದ ಆರಂಭಿಸಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.

ನಮ್ಮ ಕಥೋಲಿಕ ಮನೆಗಳಿಗೆ ಇನ್ನೊಂದು ಪ್ರಶ್ನೆಯುಂಟು. ರುಬೆಲ್ಲಾ ಲಸಿಕೆಯ ವೈರಸ್ಸನ್ನು ಬೆಳೆಸುವ ಕೋಶಗಳ ಮೂಲ 1960ರ ದಶಕದಲ್ಲಿ ಗರ್ಭಪಾತಕ್ಕೊಳಗಾದ ಶಿಶುವಿನದು. ಅಂಥದ್ದನ್ನು ಮಗುವಿಗೆ ಹಾಕಿಸಬಹುದೇ? ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಗರ್ಭಪಾತ ತಪ್ಪೆಂಬ ಧರ್ಮಸಭೆಯ ಬೋಧನೆ ಬದಲಾಗಿಲ್ಲ. ಆದರೆ ಅಂದು ತಪ್ಪು ಮಾಡಿದವರಿಗೂ ಇಂದು ಲಸಿಕೆ ಹಾಕಿಸುವ ತಾಯಿಗೂ ನಡುವಣ ಸಂಬಂಧ ಬಹು ದೂರದ್ದು. ಆ ತಪ್ಪಿಗೆ ಆಕೆಯ ಒಪ್ಪಿಗೆಯೂ ಇಲ್ಲ. ಬೇರೆ ಲಸಿಕೆ ಸಿಗದಿದ್ದಾಗ ಇದನ್ನು ಬಳಸಬಹುದೆಂದು ವ್ಯಾಟಿಕನ್ನಿನ ಜೀವಪರ ಅಕಾಡೆಮಿ 2005ರಲ್ಲೇ ಹೇಳಿತು. 2017ರಲ್ಲಿ ಅದೇ ಅಕಾಡೆಮಿ ಇನ್ನೂ ಸ್ಪಷ್ಟವಾಗಿ, ಇತರರ ರಕ್ಷಣೆಗಾಗಿ ಲಸಿಕೆ ಹಾಕಿಸುವುದು ನೈತಿಕ ಹೊಣೆ ಎಂದಿತು.

ಇನ್ನೂ ಒಂದು ಮಾತು. ರುಬೆಲ್ಲಾ ಮಕ್ಕಳಿಗೆ ಸಣ್ಣ ಜ್ವರ, ಗುಳ್ಳೆ ಅಷ್ಟೆ. ಬಸುರಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಗರ್ಭದ ಶಿಶುವಿನ ಕಣ್ಣು, ಕಿವಿ, ಹೃದಯ ಕೆಡಬಹುದು, ಶಿಶು ಸಾಯಲೂಬಹುದು. ಹುಟ್ಟದ ಶಿಶುವಿನ ಹೆಸರಿನಲ್ಲಿ ಈ ಲಸಿಕೆಯನ್ನು ಬೇಡವೆಂದವರು ಹುಟ್ಟದ ಶಿಶುವನ್ನೇ ಅಪಾಯಕ್ಕೆ ದೂಡುತ್ತಾರೆ.

ಇಂದೇ ತಾಯಿ ಕಾರ್ಡನ್ನು ತೆಗೆದು ನೋಡಿರಿ. ದಡಾರ-ರುಬೆಲ್ಲಾದ ಮೊದಲ ಡೋಸು 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ದಿನಾಂಕದ ಜಾಗ ಖಾಲಿಯಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿರಿ.