ಇಂದಿನ ಧಮ್ಮ ಚಿಂತನೆ: ‘ಐ ಬಿಲೀವ್ ಇನ್’ ಅಂದಮೇಲೆ ಏನು ಬರೆಯೋಣ?



ಕಳೆದ ಭಾನುವಾರ ವಿಜಯನಗರದಲ್ಲಿ ನಮ್ಮ ಓದು ಮುಗಿದ ಮೇಲೆ ಆರನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ನೋಟ್‌ಬುಕ್ ಹಿಡಿದುಕೊಂಡು ನನ್ನ ಬಳಿ ಬಂದಳು. ಹೋಂವರ್ಕ್‌ನಲ್ಲಿ ‘ಐ ಬಿಲೀವ್ ಇನ್’ ಎಂದಿತ್ತು, ಮುಂದೆ ತುಂಬಲು ಒಂದು ಗೆರೆ. ಅಕ್ಕಪಕ್ಕದ ಮಕ್ಕಳೆಲ್ಲ ‘ಗಾಡ್’ ಎಂದು ಬರೆದರಂತೆ. ಇವಳು ಏನೂ ಬರೆದಿರಲಿಲ್ಲ.

“ಮಿಸ್, ನಾವು ದೇವರನ್ನು ನಂಬಲ್ಲ ಅಲ್ವಾ? ಹಾಗಾದರೆ ನಮ್ಮದು ಖಾಲೀನಾ?”

ನಾನು ಪಾಠ ಹೇಳುವುದು ಕನ್ನಡ. ಆದರೂ ಆ ಖಾಲಿ ಗೆರೆ ವಾರವಿಡೀ ಕಾಡಿತು. ಇವತ್ತು ಅದನ್ನೇ ಚಿಂತನೆಗೆ ಎತ್ತಿಕೊಳ್ಳುತ್ತೇನೆ.

*೧. ಒಂದು ಕ್ರಿಯಾಪದ, ಮೂರು ದಾರಿ*

ಇಂಗ್ಲಿಷಿನಲ್ಲಿ ‘ಬಿಲೀವ್’ ಮೂರು ರೀತಿ ಬಳಕೆಯಾಗುತ್ತದೆ. ‘ಐ ಬಿಲೀವ್ ಹಿಮ್’ ಅಂದರೆ ಅವನು ಈಗ ಹೇಳಿದ ಮಾತು ನಿಜ ಎಂದು ಒಪ್ಪಿದೆ. ‘ಐ ಬಿಲೀವ್ ಇನ್ ಹಿಮ್’ ಅಂದರೆ ಅವನ ಮೇಲೆಯೇ ಭರವಸೆ ಇಟ್ಟೆ. ‘ಐ ಬಿಲೀವ್ ದಟ್’ ಎಂದಾಗ ಮುಂದೆ ಬರುವುದು ವ್ಯಕ್ತಿಯಲ್ಲ, ಒಂದು ಇಡೀ ವಾಕ್ಯ. ಆ ವಾಕ್ಯ ನಿಜವೋ ಸುಳ್ಳೋ ಎಂದು ಯಾರು ಬೇಕಾದರೂ ಕೇಳಬಹುದು, ಪರೀಕ್ಷಿಸಬಹುದು.

ಕನ್ನಡದಲ್ಲಿ ಈ ಮೂರಕ್ಕೂ ‘ನಂಬು’ ಒಂದೇ ಸಾಕು. ಅವನ ಮಾತು ನಂಬಿದೆ, ಅವನನ್ನು ನಂಬಿದೆ, ಹೀಗೆಂದು ನಂಬಿದೆ. ಮಾತನ್ನು ಒಪ್ಪುವುದಕ್ಕೂ ಮನುಷ್ಯನಿಗೆ ಶರಣಾಗುವುದಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ನಮ್ಮ ‘ನಂಬು’ ತಾನಾಗಿ ತೋರಿಸುವುದಿಲ್ಲ. ಹಿಂದೆ ಒಡೆಯರ ಮನೆಯಲ್ಲಿ ದುಡಿದ ನಮ್ಮ ಹಿರಿಯರಿಗೆ ಸಿಗುತ್ತಿದ್ದ ದೊಡ್ಡ ಹೊಗಳಿಕೆ ‘ನಂಬಿಕಸ್ಥ ಆಳು’. ಆ ಮಾತಿನಲ್ಲಿ ನಂಬಿಕೆಯೂ ಇತ್ತು, ಆಳುತನವೂ ಇತ್ತು. ಎರಡನ್ನೂ ಬಿಡಿಸಿ ನೋಡುವುದನ್ನು ನಾವು ಕಲಿಯಬೇಕಾಗಿದೆ.

*೨. ಇಪ್ಪತ್ತೆರಡು ಪ್ರತಿಜ್ಞೆಗಳ ಕ್ರಿಯಾಪದಗಳು*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ತಾವು ದೀಕ್ಷೆ ಪಡೆದು, ನೆರೆದ ಜನರಿಗೆ 22 ಪ್ರತಿಜ್ಞೆಗಳನ್ನು ಮರಾಠಿಯಲ್ಲಿ ಬೋಧಿಸಿದರು. ಇಂದು ನಮ್ಮ ಮಕ್ಕಳು ಅವನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿ ಓದುತ್ತಾರೆ. ಅಲ್ಲಿ ಹಲವು ಕಡೆ ‘ಬಿಲೀವ್’ ಬರುತ್ತದೆ. ಮರಾಠಿಯಲ್ಲಿ ಮಾತುಗಳು ಬೇರೆ ಬೇರೆ.

ಎಲ್ಲ ಮನುಷ್ಯರೂ ಸಮಾನರು ಎನ್ನುವ ಒಂಬತ್ತನೆಯ ಪ್ರತಿಜ್ಞೆಯಲ್ಲಿ ‘ಮಾನಣೆ’ ಎಂಬ ಕ್ರಿಯಾಪದವಿದೆ. ಹಾಗೆಂದು ಪರಿಗಣಿಸುತ್ತೇನೆ, ಮಾನ್ಯ ಮಾಡುತ್ತೇನೆ ಎಂಬರ್ಥ. ಇಪ್ಪತ್ತನೆಯದರಲ್ಲಿ, ಬುದ್ಧನ ಧಮ್ಮವೇ ಸದ್ಧಮ್ಮ ಎನ್ನುವಲ್ಲಿ, ಬರುವ ಪದ ‘ಖಾತ್ರಿ’. ಅದು ನಮ್ಮ ಕನ್ನಡದಲ್ಲೂ ಇರುವ ಖಾತ್ರಿಯೇ. ನೋಡಿ, ಕೇಳಿ, ತೂಗಿ ಆದಮೇಲೆ ಆಗುವಂಥದ್ದು ಖಾತ್ರಿ. ಇಂಗ್ಲಿಷ್ ಪಠ್ಯದಲ್ಲಿ ಅದು ‘ದೃಢವಾಗಿ ನಂಬುತ್ತೇನೆ’ ಎಂದಾಗಿದೆ. ನಂಬಿಕೆ ತೂಗದೆಯೂ ಬರಬಹುದು, ಖಾತ್ರಿ ಹಾಗೆ ಬರುವುದಿಲ್ಲ.

ಐದನೆಯ ಪ್ರತಿಜ್ಞೆಯ ಇಂಗ್ಲಿಷ್ ರೂಪವನ್ನು ಗಮನಿಸಿ. ಇಂಗ್ಲಿಷಿನವರು ‘ಐ ಡೋಂಟ್ ಥಿಂಕ್ ಹೀ ವಿಲ್ ಕಮ್’ ಎನ್ನುತ್ತಾರೆ. ನಾವು ‘ಅವನು ಬರಲ್ಲ ಅನ್ಸುತ್ತೆ’ ಎನ್ನುತ್ತೇವೆ. ‘ಇಲ್ಲ’ವನ್ನು ಅವರು ಅನಿಸಿಕೆಗೆ ಅಂಟಿಸುತ್ತಾರೆ, ನಾವು ಬರುವುದಕ್ಕೆ ಅಂಟಿಸುತ್ತೇವೆ. ಹೀಗಾಗಿ ‘ಐ ಡೋಂಟ್ ಬಿಲೀವ್’ ಎಂದರೆ ಎರಡು ಅರ್ಥ ಸಾಧ್ಯ: ನನಗೆ ಆ ನಂಬಿಕೆ ಇಲ್ಲ, ಅಷ್ಟೆ; ಅಥವಾ, ಅದು ಸುಳ್ಳೆಂದೇ ನನ್ನ ನಿಲುವು. ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಂಬುವುದಿಲ್ಲ ಎಂದಷ್ಟೇ ಹೇಳಿ ಈ ಪ್ರತಿಜ್ಞೆ ನಿಲ್ಲುವುದಿಲ್ಲ. ಅದು ಸುಳ್ಳು ಪ್ರಚಾರವೆಂಬ ನಿಲುವನ್ನೂ ಸೇರಿಸುತ್ತದೆ. ‘ನಮಗೇಕೆ ಆ ಮಾತು’ ಎಂದು ಸುಮ್ಮನೆ ಜಾರಿಕೊಳ್ಳುವ ದಾರಿ ಅಲ್ಲಿ ಮುಚ್ಚಿದೆ.

*೩. ಅಂತೆಕಂತೆ ಮತ್ತು ತಿಳಿವು*

ಕೇಸಪುತ್ತದ ಕಾಲಾಮರಿಗೆ ಬುದ್ಧರು ಹೇಳಿದ ಮಾತು ‘ಏನನ್ನೂ ಸುಮ್ಮನೆ ನಂಬಬೇಡಿ’ ಎಂಬ ರೂಪದಲ್ಲಿ ಇಂಗ್ಲಿಷ್ ಪೋಸ್ಟರ್‌ಗಳಲ್ಲಿ ಓಡಾಡುತ್ತದೆ. ಪಾಳಿಯ ಆ ಭಾಗದಲ್ಲಿ ‘ನಂಬು’ ಎಂಬ ಕ್ರಿಯಾಪದವೇ ಇಲ್ಲ. ಇದರಿಂದ ಬೇಡ, ಇದರಿಂದ ಬೇಡ ಎಂದು ಹತ್ತು ಆಧಾರಗಳನ್ನು ಬದಿಗಿಡುವ ಪಟ್ಟಿ ಇದೆ. ಮೊದಲನೆಯದು ‘ಅನುಸ್ಸವ’, ಕಿವಿಯಿಂದ ಕಿವಿಗೆ ಬಂದದ್ದು. ನಮ್ಮ ಭಾಷೆಯಲ್ಲಿ ಅಂತೆಕಂತೆ. ಪಟ್ಟಿಯ ಕೊನೆಯ ಆಧಾರ ‘ಇವರು ನಮ್ಮ ಗುರುಗಳು’ ಎಂಬುದು. ಆಮೇಲೆ ಬರುವ ಕ್ರಿಯಾಪದ ‘ತಿಳಿ’: ಯಾವುದು ಅಕುಶಲ, ಯಾವುದು ಕುಶಲ ಎಂದು ನೀವೇ ತಿಳಿದಾಗ ಬಿಡಿ, ಕೈಗೊಳ್ಳಿ ಎಂಬುದು ಅಲ್ಲಿನ ಸಾರ.

ಭೂಮಿ ಚಪ್ಪಟೆ ಎಂದು ಒಬ್ಬ ನಂಬಬಹುದು, ಆದರೆ ಹಾಗೆಂದು ತಿಳಿಯಲಾರ. ತಿಳಿಯಬೇಕಾದರೆ ಅದು ನಿಜವಾಗಿರಬೇಕು. ನಂಬುವುದಕ್ಕೆ ಆ ಕಟ್ಟುಪಾಡಿಲ್ಲ.

*೪. ನಮಗೇ ಕೇಳಿಕೊಳ್ಳಬೇಕಾದ ಪ್ರಶ್ನೆ*

‘ನಾವು ಬಾಬಾಸಾಹೇಬರನ್ನು ನಂಬಿದವರು’ ಎಂದು ಎಷ್ಟೋ ಸಲ ಹೇಳುತ್ತೇವೆ, ನಾನೂ ಹೇಳಿದ್ದೇನೆ. ಯಾವ ‘ನಂಬು’ ಅದು? ಹಳೆಯ ದೇವರ ಪಟ ತೆಗೆದು, ಅದೇ ಮೊಳೆಗೆ ಹೊಸ ಪಟ ಹಾಕಿ, ಅದೇ ಊದುಬತ್ತಿ ಹಚ್ಚಿ, ಪುಸ್ತಕವನ್ನು ಮಾತ್ರ ತೆರೆಯದಿದ್ದರೆ ಬದಲಾದದ್ದು ಹೆಸರು ಮಾತ್ರ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರೇ, ರಾಜಕೀಯದಲ್ಲಿ ಭಕ್ತಿ ಎಂಬುದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂದು ಎಚ್ಚರಿಸಿದರು. ಬುದ್ಧರು ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ತಮ್ಮ ಧಮ್ಮಗ್ರಂಥದಲ್ಲಿ ಬರೆದವರೂ ಅವರೇ. ದಾರಿ ತೋರಿಸಿದವರಿಗೆ ನಾವು ಸಲ್ಲಿಸಬಹುದಾದ ಗೌರವ ಆ ದಾರಿಯಲ್ಲಿ ನಡೆಯುವುದು.

*೫. ಆ ಖಾಲಿ ಗೆರೆ*

ಹಾಗಾದರೆ ‘ಐ ಬಿಲೀವ್ ಇನ್’ ನಮ್ಮ ವಾಕ್ಯವೇ ಅಲ್ಲವೇ? ಹಾಗೇನಿಲ್ಲ. ಒಂಬತ್ತನೆಯ ಪ್ರತಿಜ್ಞೆಯ ಇಂಗ್ಲಿಷ್ ರೂಪದಲ್ಲಿ ‘ಬಿಲೀವ್ ಇನ್’ ಇದೆ, ಮುಂದೆ ಇರುವುದು ಸಮಾನತೆ. ಮಗುವಿಗೆ ಅದನ್ನೇ ಹೇಳಿದೆ: “ಈಕ್ವಾಲಿಟಿ ಎಂದು ಬರಿ ಪುಟ್ಟಾ. ನಮ್ಮದು ಖಾಲಿ ಅಲ್ಲ.”

ಇನ್ನೊಂದು ಮಾತನ್ನೂ ಹೇಳಿದೆ. ‘ಐ ಆಮ್ ಬಿಲೀವಿಂಗ್’ ಎಂದು ಬರೆದರೆ ಟೀಚರ್ ಸಾಮಾನ್ಯವಾಗಿ ತಪ್ಪು ಹಾಕುತ್ತಾರೆ. ಏಕೆಂದರೆ ಆ ಭಾಷೆಯಲ್ಲಿ ನಂಬುವುದು ಒಂದು ಸ್ಥಿತಿ, ಓಡುವ ಬರೆಯುವ ಹಾಗೆ ಕೆಲಸವಲ್ಲ. ಕೆಲಸಕ್ಕೆ ಬೇರೆ ಕ್ರಿಯಾಪದ ಬೇಕು. ಅದು ಹತ್ತನೆಯ ಪ್ರತಿಜ್ಞೆಯಲ್ಲಿದೆ: ಸಮಾನತೆಯನ್ನು ಸ್ಥಾಪಿಸಲು ಪ್ರಯತ್ನಿಸುವುದು. ಒಂಬತ್ತನ್ನು ಹೇಳಿ ಹತ್ತನ್ನು ಬಿಟ್ಟರೆ ವಾಕ್ಯ ಅರ್ಧಕ್ಕೇ ನಿಂತ ಹಾಗೆ.

ಹುಡುಗಿ ಕೇಳಿದಳು: “ಹಾಗಾದರೆ ಟಿಫಿನ್ ಬಾಕ್ಸ್ ಎಲ್ಲರ ಜೊತೆ ಹಂಚಿಕೊಳ್ಳೋದು ಹತ್ತನೆಯದಾ ಮಿಸ್?”

ಹೌದು ಎಂದೆ.

*ಇಂದಿನ ಅಭ್ಯಾಸ:* ಇವತ್ತು ನಿಮ್ಮ ಬಾಯಲ್ಲಿ ‘ನಂಬುತ್ತೇನೆ’ ಎಂದು ಬಂದಾಗಲೆಲ್ಲ ಒಂದು ಕ್ಷಣ ನಿಲ್ಲಿ. ಅಂತೆಕಂತೆಯೋ, ಅನಿಸಿಕೆಯೋ, ಖಾತ್ರಿಯೋ ನೋಡಿ. ಖಾತ್ರಿಯಾಗಿದ್ದರೆ, ಅದಕ್ಕೆ ತಕ್ಕ ಒಂದು ಕೆಲಸವನ್ನು ಸಂಜೆಯೊಳಗೆ ಮಾಡಿ. ರಾತ್ರಿ ಮನೆಯ ಮಕ್ಕಳೊಂದಿಗೆ ಒಂಬತ್ತು ಮತ್ತು ಹತ್ತನೆಯ ಪ್ರತಿಜ್ಞೆಗಳನ್ನು ಒಟ್ಟಿಗೆ ಓದಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ಜೈ ಭೀಮ್ 🙏