ಪ್ರತಿಮೆ ಓದೋದು ಹೇಗೆ? ಬೆಂಗಳೂರಿನಲ್ಲಿ ಒಂದು ಭಾನುವಾರದ ಪಾಠ

ಬೆಂಗಳೂರಿನಲ್ಲಿ ನಾವು ಪ್ರತಿಮೆಗಳನ್ನು ಬಳಸೋದು ಒಂದೇ ಕೆಲಸಕ್ಕೆ: ದಾರಿ ಹೇಳೋಕೆ. "ಸ್ಟ್ಯಾಚ್ಯೂ ಹತ್ರ ಲೆಫ್ಟ್ ತಗೊಳ್ಳಿ", "ಸ್ಟ್ಯಾಚ್ಯೂ ದಾಟಿದ ಮೇಲೆ ನಿಲ್ಸಿ". ಯಾರ ಸ್ಟ್ಯಾಚ್ಯೂ ಅಂತ ಆಟೋದವರು ಕೇಳಲ್ಲ, ನಾವೂ ಹೇಳಲ್ಲ. ಕಾಲೇಜಿಗೆ ಸೇರಿ ಒಂದೂವರೆ ವರ್ಷ ಆಯ್ತು. ಅಷ್ಟೂ ದಿನ ನಾವು ಹೀಗೇ ಓಡಾಡಿದ್ದೀವಿ.

ನಾವು ಅಂದ್ರೆ ನಮ್ಮ ಕನ್ನಡ ಸಂಘದ ಮೂವರು ಸೆಕೆಂಡ್ ಇಯರ್‌ನವರು, ಜೊತೆಗೆ ಹಾಸ್ಟೆಲ್‌ನ ಒಬ್ಬ ಗೆಳೆಯ. ಅವನು ಚೆನ್ನೈನವನು. ಒಳ್ಳೆ ಕ್ಯಾಮೆರಾ ಇರೋದು ಅವನ ಹತ್ರ ಮಾತ್ರ ಅಂತ ಕರ್ಕೊಂಡು ಹೋಗಿದ್ದು. ಅವನೇ ನಮಗೆ ಪಾಠ ಮಾಡ್ತಾನೆ ಅಂತ ಆಗ ಗೊತ್ತಿರಲಿಲ್ಲ. ಆ ಕಥೆ ಕೊನೆಯಲ್ಲಿದೆ. ಅದಕ್ಕೂ ಮೊದಲು, ಒಂದು ಪ್ರತಿಮೆ ಮುಂದೆ ನಿಂತಾಗ ಕೇಳಬೇಕಾದ ಐದು ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೀವಿ.

ಪ್ರಶ್ನೆ 1: ಒಳಗೆ ಏನಿದೆ?

ಇದೆಲ್ಲ ಶುರುವಾಗಿದ್ದು ವಿಮಾನ ನಿಲ್ದಾಣದಲ್ಲಿ. ಎಂಎಸ್ ಮಾಡೋಕೆ ಹೊರಟಿದ್ದ ಸೀನಿಯರ್ ಒಬ್ಬರನ್ನು ಬೀಳ್ಕೊಡಲು ಹೋಗಿದ್ವಿ. ಅವರು ಒಳಗೆ ಹೋದ ಮೇಲೆ ವಾಪಸ್ ಬಸ್‌ಗೆ ಟೈಮ್ ಇತ್ತು. ಎದುರಿಗೆ ಕೆಂಪೇಗೌಡರು ಖಡ್ಗ ಹಿಡಿದು ನಿಂತಿದ್ದರು. "ಇಷ್ಟು ದೊಡ್ಡದು ಗಾಳಿಗೆ ಬೀಳಲ್ವಾ? ಒಳಗೆ ಏನಿರತ್ತೆ?" ಅಂತ ನಮ್ಮಲ್ಲಿ ಒಬ್ಬ ಕೇಳಿದ. ಸಿವಿಲ್ ಓದ್ತಿರೋ ಇನ್ನೊಬ್ಬನಿಗೂ ಉತ್ತರ ಗೊತ್ತಿರಲಿಲ್ಲ.

ಹಾಸ್ಟೆಲ್‌ಗೆ ಬಂದು ಹುಡುಕಿದ್ವಿ. 2022ರ ನವೆಂಬರ್ 11ರಂದು ಅನಾವರಣವಾದ ಈ ಪ್ರತಿಮೆಯ ಎತ್ತರ 108 ಅಡಿ, ಅಂದ್ರೆ ಸುಮಾರು 33 ಮೀಟರ್. ರೂಪಿಸಿದವರು ಶಿಲ್ಪಿ ರಾಮ್ ವಿ. ಸುತಾರ್. ಗುಜರಾತಿನ 182 ಮೀಟರ್ ಎತ್ತರದ ಸರ್ದಾರ್ ಪಟೇಲರ ಪ್ರತಿಮೆಯೂ ಅವರದ್ದೇ ವಿನ್ಯಾಸ. ನಮ್ಮ ಕಣ್ಣು ನಿಂತಿದ್ದು ಈ ಎರಡು ಸಂಖ್ಯೆಗಳ ಮೇಲೆ: ಕಂಚು 98 ಟನ್, ಉಕ್ಕು 120 ಟನ್. ಕೈಯಲ್ಲಿರೋ ಖಡ್ಗ ಒಂದೇ 4 ಟನ್. ಅಂದ್ರೆ ನಾವು ನೋಡೋ ಕಂಚಿಗಿಂತ ನಮಗೆ ಕಾಣದ ಉಕ್ಕೇ ಜಾಸ್ತಿ!

ಹಾಗಾಗಿ ಇದು ಗಟ್ಟಿ ಗೊಂಬೆ ಅಲ್ಲ, ಒಂದು ಕಟ್ಟಡ. ಒಳಗೆ ಉಕ್ಕಿನ ಅಸ್ಥಿಪಂಜರ, ಹೊರಗೆ ಕಂಚಿನ ಚರ್ಮ. ಭಾರವನ್ನೂ ಗಾಳಿಯ ಒತ್ತಡವನ್ನೂ ಪಾಯಕ್ಕೆ ಇಳಿಸೋದು ಅಸ್ಥಿಪಂಜರದ ಕೆಲಸ. ಮುಖ, ಮೀಸೆ, ಉಡುಪಿನ ಮಡಿಕೆ ತೋರಿಸೋದು ಚರ್ಮದ ಕೆಲಸ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಕಂಚು ಸುಮಾರು 0.018 ಮಿ.ಮೀ. ಹಿಗ್ಗತ್ತೆ. ಉಕ್ಕು ಹಿಗ್ಗೋದು ಸುಮಾರು 0.012 ಮಿ.ಮೀ. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಲೋಹ 20 ಡಿಗ್ರಿ ಬಿಸಿಯಾಯ್ತು ಅಂದ್ಕೊಳ್ಳಿ. 33 ಮೀಟರ್‌ಗೆ ಕಂಚು ಸುಮಾರು 12 ಮಿ.ಮೀ. ಬೆಳೆಯತ್ತೆ, ಉಕ್ಕು 8 ಮಿ.ಮೀ. ಎರಡರ ನಡುವೆ 4 ಮಿ.ಮೀ. ಜಗಳ. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದ್ರೆ ಜೋಡಣೆಗಳಲ್ಲಿ ಒತ್ತಡ ಹುಟ್ಟತ್ತೆ. ಆದ್ದರಿಂದ ಇಂಥ ದೊಡ್ಡ ಪ್ರತಿಮೆಗಳಲ್ಲಿ ಚರ್ಮಕ್ಕೆ ಸ್ವಲ್ಪ ಅಲುಗಾಡೋ ಅವಕಾಶ ಬೇಕು.

ಇನ್ನೊಂದು ತೊಂದರೆ ನಮ್ಮ ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲೇ ಇತ್ತು: ಗ್ಯಾಲ್ವಾನಿಕ್ ಕೊರೋಷನ್. ನ್ಯೂಯಾರ್ಕಿನ ಸ್ಟ್ಯಾಚ್ಯೂ ಆಫ್ ಲಿಬರ್ಟಿಯಲ್ಲಿ ಹೊರಗೆ ತಾಮ್ರ, ಒಳಗೆ ಐಫೆಲ್ ವಿನ್ಯಾಸ ಮಾಡಿದ ಕಬ್ಬಿಣದ ಚೌಕಟ್ಟು. ಎರಡು ಲೋಹಗಳ ಮಧ್ಯೆ ಇಟ್ಟಿದ್ದ ತಡೆ ಕಾಲಕ್ರಮೇಣ ಹಾಳಾಯ್ತು, ನೀರು ಸೇರಿತು, ಕಬ್ಬಿಣ ತುಕ್ಕು ಹಿಡೀತು. 1886ರಲ್ಲಿ ಅನಾವರಣವಾದ ಪ್ರತಿಮೆಗೆ ನೂರು ವರ್ಷ ತುಂಬೋ ಹೊತ್ತಿಗೆ ಒಳಗಿನ ಕಬ್ಬಿಣದ ಪಟ್ಟಿಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕಾಯ್ತು. ಪರೀಕ್ಷೆಗೆ ಉರು ಹೊಡೆದು ಮರೆತ ಪಾಠ ಹೀಗೆ ಎದುರಿಗೆ ಬಂದು ನಿಲ್ಲತ್ತೆ ಅಂತ ಅಂದ್ಕೊಂಡಿರಲಿಲ್ಲ.

ಅಲ್ಲಿಂದ ಹುಚ್ಚು ಹಿಡೀತು. ಮುಂದಿನ ಭಾನುವಾರ ಬೆಳಗ್ಗೆ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದ್ವಿ.

ಪ್ರಶ್ನೆ 2: ಇಲ್ಲೇ ಯಾಕೆ ನಿಂತಿದೆ?

ಪಾರ್ಕಿನ ಅಂಚಿನಲ್ಲಿ, ಎಂಜಿ ರೋಡ್ ಕಡೆಯ ಸರ್ಕಲ್ ಹತ್ರ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೆ. ಲಂಡನ್ನಿನ ಶಿಲ್ಪಿ ಥಾಮಸ್ ಬ್ರಾಕ್ ಅಮೃತಶಿಲೆಯಲ್ಲಿ ಮಾಡಿದ್ದು. 1906ರ ಫೆಬ್ರವರಿಯಲ್ಲಿ ಅನಾವರಣ ಮಾಡಿದವನು ರಾಣಿಯ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು.

ಬಿಳಿ ಕಲ್ಲು ನೋಡೋಕೆ ಚೆನ್ನ, ಆದರೆ ಅಮೃತಶಿಲೆ ಅಂದ್ರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ವಾಹನ, ಕಾರ್ಖಾನೆಗಳ ಹೊಗೆಯಲ್ಲಿರೋ ಸಲ್ಫರ್ ಡೈಆಕ್ಸೈಡ್ ಮಳೆನೀರಿನ ಜೊತೆ ಸೇರಿ ಅದರ ಮೇಲ್ಮೈಯನ್ನು ನಿಧಾನಕ್ಕೆ ಜಿಪ್ಸಂ ಮಾಡತ್ತೆ. ಟ್ರಾಫಿಕ್ ಮಧ್ಯೆ ನಿಲ್ಲಿಸೋಕೆ ಇದು ಹೇಳಿ ಮಾಡಿಸಿದ ಕಲ್ಲಲ್ಲ. ಪಾಪ, 1906ರಲ್ಲಿ ಈ ಟ್ರಾಫಿಕ್ ಇರಲಿಲ್ಲ.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಜಾಗ. ಆಗ ಬೆಂಗಳೂರು ಒಂದು ಊರಲ್ಲ, ಎರಡು. ಒಂದು ಕೆಂಪೇಗೌಡರ ಕಾಲದಿಂದ ಬಂದ ಪೇಟೆ. ಇನ್ನೊಂದು 1809ರಲ್ಲಿ ಬ್ರಿಟಿಷರು ಸೈನ್ಯಕ್ಕಾಗಿ ಕಟ್ಟಿದ ದಂಡು, ಅಂದ್ರೆ ಕಂಟೋನ್ಮೆಂಟ್. ಎರಡಕ್ಕೂ ಬೇರೆ ಬೇರೆ ಆಡಳಿತ. ಒಂದೇ ನಗರಪಾಲಿಕೆ ಆಗಿದ್ದು 1949ರಲ್ಲಿ. ರಾಣಿ ನಿಂತಿರೋದು ಆ ಎರಡು ಊರುಗಳ ನಡುವಿನ ಗಡಿಯಲ್ಲಿ. ಹಾಗೆ ನೋಡಿದ್ರೆ ಅದು ಕಿರೀಟ ಹಾಕಿದ ಗಡಿಕಲ್ಲು! ಈಗಲೂ "ಟೌನ್ ಕಡೆ", "ಕಂಟೋನ್ಮೆಂಟ್ ಕಡೆ" ಅಂತ ಹಳಬರು ಹೇಳೋದು ಯಾಕೆ ಅಂತ ಅವತ್ತು ಅರ್ಥ ಆಯ್ತು.

ಪ್ರಶ್ನೆ 3: ಇವರು ಮಾಡಿದ ಕೆಲಸ ಈಗ ಎಲ್ಲಿ ಕಾಣತ್ತೆ?

ಪಾರ್ಕಿನೊಳಗೆ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ ಇದೆ. ಅದರ ಹೆಸರೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಅದರ ಮುಂದೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಂಚಿನ ಪ್ರತಿಮೆ. ಅನಾವರಣ ಆಗಿದ್ದು 1913ರಲ್ಲಿ.

ಕಂಚಿನ ಪ್ರತಿಮೆ ಮಾಡೋ ಹಳೆಯ ವಿಧಾನ ಮೇಣದ ಎರಕ. ಮೊದಲು ಆಕೃತಿಯನ್ನು ಮೇಣದಲ್ಲಿ ಮಾಡ್ತಾರೆ. ಸುತ್ತ ಮಣ್ಣಿನ ಅಚ್ಚು ಕಟ್ಟಿ ಬಿಸಿ ಮಾಡ್ತಾರೆ. ಮೇಣ ಕರಗಿ ಹರಿದುಹೋಗತ್ತೆ. ಉಳಿದ ಖಾಲಿ ಜಾಗಕ್ಕೆ ಕರಗಿದ ಕಂಚು ಹುಯ್ಯುತ್ತಾರೆ. ದೊಡ್ಡದಾದ್ರೆ ತುಂಡು ತುಂಡಾಗಿ ಎರಕ ಹಾಕಿ ಆಮೇಲೆ ಜೋಡಿಸ್ತಾರೆ. ನಮ್ಮ ದೇವಸ್ಥಾನಗಳ ಪಂಚಲೋಹದ ಉತ್ಸವಮೂರ್ತಿಗಳಿಗೂ ಇದೇ ವಿದ್ಯೆ. ಕಂಚಿನ ಮೇಲೆ ಕಾಣೋ ಹಸಿರು ಪದರ ಕೊಳೆ ಅಲ್ಲ. ಅದು ತಾಮ್ರದ ಲವಣಗಳ ಪದರ, ಒಳಗಿನ ಲೋಹವನ್ನು ಅದು ಕಾಯತ್ತೆ. ಆದ್ದರಿಂದ ಯಾರಾದ್ರೂ "ಪಾಲಿಶ್ ಮಾಡಿ ಹೊಳೆಯೋ ಹಾಗೆ ಮಾಡೋಣ" ಅಂದ್ರೆ ಬೇಡ ಅನ್ನಿ.

ಅವರು ಯಾರು? 1883ರಿಂದ 1901ರವರೆಗೆ ದಿವಾನರು. ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯೋ ನೀರು ತಂದ ಯೋಜನೆ ಅವರ ಕಾಲದ್ದು. ಶಿವನಸಮುದ್ರದ ಜಲವಿದ್ಯುತ್ ಯೋಜನೆ ಶುರುವಾಗಿದ್ದೂ ಅವರ ಕಾಲದಲ್ಲೇ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. ಶೇಷಾದ್ರಿ ಅಯ್ಯರ್ ತೀರಿಕೊಂಡಿದ್ದು 1901ರಲ್ಲಿ. ದೀಪ ಹತ್ತಿದ್ದನ್ನು ಅವರು ನೋಡಲೇ ಇಲ್ಲ.

ಇದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನಾದ್ವಿ. ಮಿನಿ ಪ್ರಾಜೆಕ್ಟ್‌ನಲ್ಲಿ ಎಲ್‌ಇಡಿ ಒಂದು ವಾರ ತಡವಾಗಿ ಹತ್ತಿದ್ರೆ ತಲೆ ಕೆಟ್ಟುಹೋಗೋ ಜನ ನಾವು. ಇನ್ನೊಂದು ಯೋಚನೆಯೂ ಬಂತು. ದಿವಾನರಿಗೆ ಪ್ರತಿಮೆ ಇದೆ, ಸರಿ. ಆ 147 ಕಿಲೋಮೀಟರ್ ಉದ್ದಕ್ಕೆ ಕಂಬ ನೆಟ್ಟವರಿಗೆ, ತಂತಿ ಎಳೆದವರಿಗೆ? ಪ್ರತಿಮೆ ನೋಡುವಾಗ ಅಲ್ಲಿ ಯಾರಿಲ್ಲ ಅಂತಲೂ ಕೇಳ್ಕೋಬೇಕು.

ಪ್ರಶ್ನೆ 4: ಮೊದಲಿಂದ ಇಲ್ಲೇ ಇತ್ತಾ?

ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಕುದುರೆ ಮೇಲೆ ಕೂತಿರೋ ಅವರ ಪ್ರತಿಮೆಯನ್ನು ಇಟಲಿ ಮೂಲದ ಶಿಲ್ಪಿ ಮರೊಕೆಟ್ಟಿ ಮಾಡಿದ್ದು, 1866ರಲ್ಲಿ ಅನಾವರಣ. ಪಾರ್ಕ್ ಮಾಡಿದ್ದು 1870ರಲ್ಲಿ, ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರ್. ಅಂದ್ರೆ ಪಾರ್ಕಿಗಿಂತ ಪ್ರತಿಮೆಯೇ ಹಳೆಯದು! ಮೊದಲು ಪೆರೇಡ್ ಮೈದಾನದಲ್ಲಿತ್ತು, ಆಮೇಲೆ ಅಠಾರಾ ಕಚೇರಿ, ಅಂದ್ರೆ ಈಗಿನ ಹೈಕೋರ್ಟ್ ಆವರಣಕ್ಕೆ ಬಂತು, 2020ರಲ್ಲಿ ಅಲ್ಲಿಂದ ಎತ್ತಿ ಪಾರ್ಕಿನೊಳಗೆ ತಂದಿಟ್ಟರು. ಪಾರ್ಕಿನ ಹೆಸರೂ ಹೀಗೇ: 1927ರಿಂದ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಪಾರ್ಕ್, ಬಾಯಲ್ಲಿ ಮಾತ್ರ ಕಬ್ಬನ್ ಪಾರ್ಕ್.

ಪ್ರತಿಮೆ ಅಲ್ಲಾಡಲ್ಲ ಅಂತ ನಾವು ಅಂದ್ಕೊಂಡಿರ್ತೀವಿ. ಅದು ತಾನಾಗಿ ಅಲ್ಲಾಡಲ್ಲ, ಊರಿನ ಮನಸ್ಸು ಬದಲಾದಾಗ ಅಲ್ಲಾಡತ್ತೆ. ಯಾರು ಕಚೇರಿ ಮುಂದೆ, ಯಾರು ಮರದ ಕೆಳಗೆ ಅನ್ನೋದನ್ನು ಪ್ರತಿ ತಲೆಮಾರೂ ಹೊಸದಾಗಿ ಬರೆಯತ್ತೆ.

ಇಲ್ಲೇ ಒಂದು ವಾಟ್ಸಾಪ್ ವಿಷಯವನ್ನೂ ಮುಗಿಸಿಬಿಡೋಣ. ಕುದುರೆ ಎರಡು ಕಾಲು ಎತ್ತಿದ್ರೆ ಸವಾರ ಯುದ್ಧದಲ್ಲಿ ಸತ್ತ, ಒಂದು ಎತ್ತಿದ್ರೆ ಗಾಯಗೊಂಡ ಅಂತ ಫಾರ್ವರ್ಡ್ ಬರತ್ತಲ್ಲ, ಹಾಗೆ ಯಾವ ನಿಯಮವೂ ಶಿಲ್ಪಿಗಳಿಗೆ ಇಲ್ಲ. ಅವರ ನಿಜವಾದ ಕಷ್ಟ ನಮ್ಮ ಸಬ್ಜೆಕ್ಟು: ಅಷ್ಟು ಭಾರವನ್ನು ತೆಳ್ಳಗಿನ ಕಾಲುಗಳ ಮೇಲೆ ಬೀಳದ ಹಾಗೆ ನಿಲ್ಲಿಸೋದು.

ಪ್ರಶ್ನೆ 5: ಇವರು ನಮಗೆ ನಿಜವಾಗಲೂ ಗೊತ್ತಾ?

ಕೊನೆಗೆ ಮೆಟ್ರೋದಲ್ಲಿ ಹಲಸೂರಿಗೆ ಹೋದ್ವಿ. ಕೆರೆ ಹತ್ರ ತಿರುವಳ್ಳುವರ್ ಪ್ರತಿಮೆ ಇದೆ. ತಮಿಳಿನ ತಿರುಕ್ಕುರಳ್ ಬರೆದ ಕವಿ. 1991ರಿಂದ ಈ ಪ್ರತಿಮೆ ಮುಸುಕು ಹಾಕ್ಕೊಂಡೇ ನಿಂತಿತ್ತು. ಭಾಷೆಯ ಜಗಳ, ನೀರಿನ ಜಗಳ, ವಿರೋಧ. ಹೀಗೆ 18 ವರ್ಷ. ಒಂದು ಪ್ರತಿಮೆ ನಮ್ಮ ವಯಸ್ಸಿನಷ್ಟು ಕಾಲ ಬಟ್ಟೆಯ ಹಿಂದೆ ಇತ್ತು! ಕೊನೆಗೆ ಎರಡೂ ರಾಜ್ಯಗಳು ಮಾತಾಡಿಕೊಂಡವು. 2009ರ ಆಗಸ್ಟ್ 9ರಂದು ಇಲ್ಲಿ ತಿರುವಳ್ಳುವರ್ ಅನಾವರಣ. ನಾಲ್ಕು ದಿನ ಬಿಟ್ಟು, ಆಗಸ್ಟ್ 13ರಂದು, ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣ.

ಇದನ್ನೆಲ್ಲ ನಾವು ಫೋನ್ ನೋಡಿಕೊಂಡು ಜೋರಾಗಿ ಓದ್ತಾ ಇದ್ವಿ. ನಮ್ಮ ಚೆನ್ನೈ ಗೆಳೆಯ ಕ್ಯಾಮೆರಾ ಕೆಳಗಿಟ್ಟು, ಪ್ರತಿಮೆ ಕಡೆ ನೋಡಿ, ಎರಡು ಕುರಳ್ ಬಾಯಿಪಾಠ ಹೇಳಿದ. ತಡವರಿಸಲಿಲ್ಲ. ಒಟ್ಟು 1330 ಇವೆ, ಸ್ಕೂಲಲ್ಲಿ ಕಲಿತಿದ್ದು ಅಂದ. ಆಮೇಲೆ ಅವನ ಅರೆಬರೆ ಕನ್ನಡದಲ್ಲಿ ಕೇಳಿದ: "ಈಗ ನಿಮ್ಮ ಸರ್ವಜ್ಞಂದು ಒಂದು ಹೇಳ್ರೋ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಸರ್ವಜ್ಞ ಅಂದ್ರೆ ಗೊತ್ತು. ಮೂರು ಸಾಲಿನ ತ್ರಿಪದಿ ಅಂತಲೂ ಗೊತ್ತು, ಪರೀಕ್ಷೆಗೆ ಬರೆದಿದ್ವಲ್ಲ. ಕೊನೆಯಲ್ಲಿ "ಸರ್ವಜ್ಞ" ಅಂತ ಬರತ್ತೆ, ಅದೂ ಗೊತ್ತು. ಅದರ ಹಿಂದೆ ಏನು ಬರತ್ತೆ ಅಂತ ಮಾತ್ರ ಒಬ್ಬರಿಗೂ ಪೂರ್ತಿ ಬರಲಿಲ್ಲ. ಇಂಗ್ಲಿಷ್ ಮೀಡಿಯಂ ಅನ್ನೋ ನೆಪ ಬಾಯಿಗೆ ಬಂತು. ಅವನೂ ಇಂಗ್ಲಿಷ್ ಮೀಡಿಯಂ. ನೆಪ ಅಲ್ಲೇ ಸತ್ತುಹೋಯ್ತು.

ಸಿ ಪ್ರೋಗ್ರಾಮಿಂಗ್‌ನಲ್ಲಿ ಪಾಯಿಂಟರ್ ಓದಿದ್ದೀವಲ್ಲ. ಪಾಯಿಂಟರ್‌ನಲ್ಲಿ ಇರೋದು ವಿಳಾಸ ಮಾತ್ರ, ವಿಷಯ ಅಲ್ಲ. ಪ್ರತಿಮೆಯೂ ಅಷ್ಟೇ. ವಿಳಾಸ ಹಿಡ್ಕೊಂಡು ಹೋಗಿ ಅಲ್ಲಿ ಏನಿದೆ ಅಂತ ಓದದಿದ್ರೆ, ಅದು ಎಷ್ಟು ಟನ್ ಇದ್ರೂ ನಲ್ ಪಾಯಿಂಟರೇ. ಚೆನ್ನೈನಲ್ಲಿ ನಮ್ಮ ಕವಿಗೆ ಜಾಗ ಸಿಕ್ಕಿದೆ, ನಮ್ಮ ಬಾಯಲ್ಲೇ ಜಾಗ ಇರಲಿಲ್ಲ.

ಅವತ್ತು ರಾತ್ರಿ ಲೈಬ್ರರಿಯಿಂದ ಸರ್ವಜ್ಞನ ವಚನಗಳ ಪುಸ್ತಕ ತಂದ್ವಿ. ತಲಾ ಒಂದು ಕಲಿತ್ವಿ, ಅರ್ಥ ಸಮೇತ. ಗೆಳೆಯನೂ ಒಂದು ಕಲಿತ. "ಳ" ನಮಗಿಂತ ಚೆನ್ನಾಗಿ ಹೇಳ್ತಾನೆ. ಮುಂದಿನ ರಜೆಗೆ ಊರಿಗೆ ಹೋದಾಗ ಅಯನಾವರಂಗೆ ಹೋಗಿ ಸರ್ವಜ್ಞನ ಫೋಟೋ ಕಳಿಸ್ತೀನಿ ಅಂದಿದ್ದಾನೆ.

ನಿಮಗೆ ಅಸೈನ್‌ಮೆಂಟ್

ನೀವು ದಿನಾ ದಾಟೋ ಒಂದು ಪ್ರತಿಮೆ ಆರಿಸಿಕೊಳ್ಳಿ. ದೊಡ್ಡದೇ ಆಗಬೇಕಿಲ್ಲ, ನಿಮ್ಮೂರ ಬಸ್ ಸ್ಟ್ಯಾಂಡ್ ಮುಂದಿನದೂ ಆಗಬಹುದು. ಹತ್ತು ನಿಮಿಷ ನಿಂತು ಈ ಐದು ಪ್ರಶ್ನೆ ಕೇಳಿ: ಒಳಗೆ ಏನಿದೆ? ಇಲ್ಲೇ ಯಾಕೆ? ಇವರ ಕೆಲಸ ಈಗ ಎಲ್ಲಿ ಕಾಣತ್ತೆ? ಮೊದಲಿಂದ ಇಲ್ಲೇ ಇತ್ತಾ? ನನಗೆ ಇವರು ನಿಜವಾಗಲೂ ಗೊತ್ತಾ? ಪೀಠದ ಮೇಲಿನ ಬರಹವನ್ನು ಪೂರ್ತಿ ಓದಿ, ಕನ್ನಡದಲ್ಲಿದ್ರೆ ಅಕ್ಷರ ಕೂಡಿಸಿಕೊಂಡಾದ್ರೂ ಸರಿ. ಬರೆದು ಸಂಘಕ್ಕೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಆಮೇಲೆ ದಾರಿ ಹೇಳುವಾಗ "ಸ್ಟ್ಯಾಚ್ಯೂ ಹತ್ರ" ಅನ್ನಬೇಡಿ. ಅವರ ಹೆಸರು ಹೇಳಿ.